ಕೊರಳಲ್ಲೊಂದು ಗಂಟು

ತುಂಬಾ ದಿನವಾಯಿತು ಇಲ್ಲಿ ಏನೂ ಬರೆಯದೆ. "ಎಲ್ಲಿ ಹೋದ್ಯೋ ಮಾರಾಯ, ಬದುಕಿದೀಯೋ ಇಲ್ವೋ?" ಅಂತ ಗೆಳೆಯನೊಬ್ಬ ಮೊನ್ನೆ ಮೆಸೇಜ್ ಮಾಡಿದ್ದ. ಅವನು ಕೇಳಿದ್ದು ತಮಾಷೆಗೇ. ನಾನು ಉತ್ತರ ಬರೆಯಲು ಕೂತು, ಬರೆದದ್ದನ್ನು ಅಳಿಸಿ, ಮತ್ತೆ ಬರೆದು, ಕೊನೆಗೆ ಒಂದು ಸ್ಮೈಲಿ ಕಳಿಸಿ ಸುಮ್ಮನಾದೆ. ಅವನಿಗೆ ಕೊಡದ ಉತ್ತರ ಇದು. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಶುರುವಾದದ್ದು ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ, ಶೇವ್ ಮಾಡಿಕೊಳ್ಳುವಾಗ. ಎಡಗಡೆ ದವಡೆಯ ಕೆಳಗೆ, ಕೊರಳ ಪಕ್ಕದಲ್ಲಿ ಬೆರಳಿಗೆ ಏನೋ ಸಿಕ್ಕಿತು. ಹುಣಸೆಬೀಜದಷ್ಟು ಇರಬಹುದು. ನೋವಿಲ್ಲ. ಒತ್ತಿದರೆ ಸ್ವಲ್ಪ ಆಚೀಚೆ ಜಾರುತ್ತದೆ. ಬಲಗಡೆ ಮುಟ್ಟಿ ನೋಡಿದೆ, ಅಲ್ಲಿಲ್ಲ. ಮತ್ತೆ ಎಡಗಡೆ. ಇದೆ. ನೊರೆ ಒಣಗಿ ಮುಖ ಬಿಗಿಯುವವರೆಗೂ ಕನ್ನಡಿ ಮುಂದೆ ನಿಂತಿದ್ದೆ. ರೂಮ್‌ಮೇಟ್ ಬಾಗಿಲು ಬಡಿದು, "ಏನ್ ಗುರೂ, ಒಳಗೇ ಸಂಸಾರ ಹೂಡಿಬಿಟ್ಯಾ?" ಅಂದ.

ಶೀತ, ಗಂಟಲು ನೋವು ಬಂದಾಗ ಕೊರಳಿನ ಗ್ರಂಥಿಗಳು ಊದಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಮನೆ ಹತ್ತಿರದ ಡಾಕ್ಟರೂ ಅದನ್ನೇ ಹೇಳಿದರು. ಐದು ದಿನದ ಆಂಟಿಬಯಾಟಿಕ್ ಬರೆದುಕೊಟ್ಟು, "ಎರಡು ಮೂರು ವಾರ ನೋಡೋಣ, ಕಮ್ಮಿ ಆಗ್ಲಿಲ್ಲ ಅಂದ್ರೆ ಬನ್ನಿ" ಅಂದರು. ಕಮ್ಮಿ ಆಗಲಿಲ್ಲ. ಮೂರು ವಾರ ಕಳೆಯುವುದರೊಳಗೆ ಹುಣಸೆಬೀಜ ಹೋಗಿ ಸುಲಿದ ಅಡಿಕೆಯಷ್ಟಾಗಿತ್ತು. (ನಾನು ಅಡಿಕೆ ಸೀಮೆಯವನು, ನನಗೆ ಬೇರೆ ಅಳತೆ ಬರುವುದಿಲ್ಲ.) ಆಮೇಲೆ ಇ.ಎನ್.ಟಿ. ಡಾಕ್ಟರು, ಅಲ್ಟ್ರಾಸೌಂಡ್, ಎಫ್‌ಎನ್‌ಎಸಿ. ಎಫ್‌ಎನ್‌ಎಸಿ ಅಂದರೆ ಸಣ್ಣ ಸೂಜಿ ಚುಚ್ಚಿ ಗಂಟಿನೊಳಗಿನ ಜೀವಕೋಶಗಳನ್ನು ಎಳೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಎರಡೇ ದಿನಕ್ಕೆ ರಿಪೋರ್ಟ್ ಬಂತು. 'ಅಟಿಪಿಕಲ್ ಲಿಂಫಾಯ್ಡ್ ಸೆಲ್ಸ್, ಅಡ್ವೈಸ್ಡ್ ಎಕ್ಸಿಷನ್ ಬಯಾಪ್ಸಿ.'

"ಅಟಿಪಿಕಲ್ ಅಂದ್ರೆ ಮಾಮೂಲಿನ ಥರ ಇಲ್ಲ ಅಂತ, ಅಷ್ಟೇ," ಅಂದರು ಡಾಕ್ಟರು. "ಸುಮ್ನೆ ಊದ್ಕೊಂಡಿರಬಹುದು, ಟಿ.ಬಿ. ಇರಬಹುದು, ಲಿಂಫೋಮಾನೂ ಇರಬಹುದು. ಗಂಟು ಪೂರ್ತಿ ತೆಗೆದು ನೋಡದೆ ಹೇಳೋಕಾಗಲ್ಲ." ಅವರು ಮೂರು ಹೆಸರು ಹೇಳಿದ್ದರು. ನನಗೆ ಕೇಳಿಸಿದ್ದು ಕೊನೆಯದೊಂದೇ.

ಮೇ ಕೊನೆಯ ವಾರ ಗಂಟು ತೆಗೆದರು. ಕೊರಳಿಗೆ ಮಾತ್ರ ಮರಗಟ್ಟಿಸಿದ್ದರಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಕತ್ತರಿ ಇಟ್ಟ ಸದ್ದು, ಸಿಸ್ಟರ್ ಯಾರ ಜೊತೆಗೋ ಮಧ್ಯಾಹ್ನದ ಊಟದ ಬಗ್ಗೆ ಮಾತಾಡಿದ್ದು. ಆಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೋರಿಸಿದರು. ಫಾರ್ಮಲಿನ್ ನೀರಿನಲ್ಲಿ ತೇಲುತ್ತಿದ್ದ ಬೂದುಗೆಂಪಿನ ಒಂದು ಚೂರು, ಮೇಲೆ ನನ್ನ ಹೆಸರಿನ ಚೀಟಿ. ಐದು ಹೊಲಿಗೆ. "ಏಳರಿಂದ ಹತ್ತು ದಿನಕ್ಕೆ ರಿಪೋರ್ಟ್ ಬರತ್ತೆ."

ಬಂದದ್ದು ಹದಿಮೂರನೇ ದಿನ. ನಾನು ಹೇಳಬೇಕೆಂದಿರುವುದು ಆ ಹದಿಮೂರು ದಿನದ ಕಥೆ.

ಮೊದಲ ರಾತ್ರಿಯೇ ಹುಡುಕಲು ಕೂತೆ. ಎಂಜಿನಿಯರಿಂಗ್ ಓದಿದವನಿಗೆ ಇರುವ ಕೆಟ್ಟ ಚಾಳಿ ಇದು. ಯಾವ ಸಮಸ್ಯೆಯಾದರೂ ಸರಿ, ಸಾಕಷ್ಟು ಓದಿದರೆ ಬಗೆಹರಿಯುತ್ತದೆ ಅಂತ ನಂಬಿಕೆ. ಎರಡು ಗಂಟೆಯೊಳಗೆ ನಾನು ಲಿಂಫೋಮಾ ಪಂಡಿತನಾಗಿದ್ದೆ. ಥಾಮಸ್ ಹಾಡ್ಜ್‌ಕಿನ್ ಎಂಬ ಲಂಡನ್ನಿನ ವೈದ್ಯ 1832ರಲ್ಲಿ ಈ ಕಾಯಿಲೆಯ ಬಗ್ಗೆ ಮೊದಲು ಬರೆದದ್ದು ಗೊತ್ತಾಯಿತು. ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಆರು ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತೂಕ ಇಳಿಯುವುದು, ಈ ಮೂರಕ್ಕೂ ಸೇರಿಸಿ 'ಬಿ ಸಿಂಪ್ಟಮ್ಸ್' ಅನ್ನುತ್ತಾರೆ ಅಂತ ಗೊತ್ತಾಯಿತು. ಆ ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಬೆನ್ನು ಬೆವತಿತ್ತು. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು ಅನ್ನುವುದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಮರುದಿನ ತೂಕದ ಮೆಷೀನು ತಂದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ತೂಗಿ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟೆ. ಬೆಳಿಗ್ಗೆ 64.2, ರಾತ್ರಿ 64.9, ಮರುದಿನ ಬೆಳಿಗ್ಗೆ 64.0. ಇನ್ನೂರು ಗ್ರಾಂ ಕಮ್ಮಿ! ಅದಕ್ಕೊಂದು ಗ್ರಾಫ್ ಬೇರೆ. ಹಾಡ್ಜ್‌ಕಿನ್ ಕಾಯಿಲೆಯಿದ್ದ ಕೆಲವರಿಗೆ, ಅಪರೂಪಕ್ಕೆ, ಮದ್ಯ ಕುಡಿದರೆ ಗಂಟು ನೋಯುತ್ತದೆ ಅಂತ ಎಲ್ಲೋ ಓದಿದೆ. ಈ ಜನ್ಮದಲ್ಲಿ ಕುಡಿಯದ ನಾನು ರೂಮ್‌ಮೇಟ್ ತಂದಿಟ್ಟಿದ್ದ ಬಿಯರಿನಲ್ಲಿ ಅರ್ಧ ಲೋಟ ಬಗ್ಗಿಸಿಕೊಂಡು, ಕುಡಿದು, ಕಣ್ಣು ಮುಚ್ಚಿ ಕೊರಳಿನ ಮೇಲೆ ಕೈಯಿಟ್ಟು ಕೂತೆ. ನೋವಾಯಿತು. ಆಗದೆ ಇರುತ್ತದೆಯೇ, ಅಲ್ಲಿ ಐದು ಹೊಲಿಗೆ ಇದ್ದವು. ಈಗ ನಗು ಬರುತ್ತದೆ. ಆವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ.

ಗಂಟನ್ನು ಪೂರ್ತಿ ತೆಗೆದಿದ್ದರು, ಮುಟ್ಟಿ ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೆ ಕೈ ಕೇಳಬೇಕಲ್ಲ. ಬಲಗಡೆ ಕೊರಳು, ಕಂಕುಳು, ತೊಡೆಯ ಸಂದಿ, ಎಲ್ಲ ಕಡೆ ತಡಕಾಡುತ್ತಿತ್ತು. ಮನುಷ್ಯನ ಮೈಯಲ್ಲಿ ಇಂಥ ಗ್ರಂಥಿಗಳು 500-600 ಇರುತ್ತವಂತೆ. ತೆಳ್ಳಗಿರುವವರಿಗೆ ಕೆಲವು ಸುಮ್ಮನೆ ಕೈಗೆ ಸಿಗುತ್ತವೆ. ಸಿಕ್ಕಿದ್ದನ್ನು ಒತ್ತುವುದು, ಒತ್ತಿದ್ದಕ್ಕೆ ಅದು ನೋಯುವುದು, ನೋವು ಬಂತೆಂದು ಮತ್ತೆ ಒತ್ತುವುದು. ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಇದ್ದಾಗಲೂ ನನ್ನ ಕೈ ಕೊರಳಿಗೆ ಹೋಗುವುದನ್ನು ನೋಡಿ ಮ್ಯಾನೇಜರ್, "ಕತ್ತು ಹಿಡ್ಕೊಂಡಿದ್ಯಾ? ಚೇರ್ ಬದಲಾಯಿಸು" ಅಂದರು.

ಕಾಲೇಜಿನ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಪೋಲಿಂಗ್, ಇಂಟರಪ್ಟ್ ಅಂತ ಎರಡು ವಿಧಾನ ಕಲಿಸಿದ್ದರು. ಪೋಲಿಂಗ್ ಅಂದರೆ ಪ್ರೊಸೆಸರ್ ಕ್ಷಣಕ್ಷಣಕ್ಕೂ ಹೋಗಿ 'ಆಯ್ತಾ? ಆಯ್ತಾ?' ಅಂತ ಕೇಳುತ್ತಲೇ ಇರುವುದು. ಇಂಟರಪ್ಟ್ ಅಂದರೆ ತನ್ನ ಕೆಲಸ ತಾನು ಮಾಡಿಕೊಂಡಿದ್ದು, ಆ ಕಡೆಯಿಂದ ಕರೆ ಬಂದಾಗ ಮಾತ್ರ ತಿರುಗಿ ನೋಡುವುದು. ವೈವಾದಲ್ಲಿ ಎರಡರ ವ್ಯತ್ಯಾಸ ಹೇಳಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಆದರೆ ಆಗಲೂ ಸೆಮಿಸ್ಟರ್ ರಿಸಲ್ಟ್ ದಿನ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಎಫ್‌5 ಒತ್ತುತ್ತಾ ಕೂತವನು ನಾನೇ. ಈಗ ಲ್ಯಾಬಿನ ವೆಬ್‌ಸೈಟಿನಲ್ಲಿ ನನ್ನ ರೆಫರೆನ್ಸ್ ನಂಬರ್ ಹಾಕಿ ಅದನ್ನೇ ಮಾಡುತ್ತಿದ್ದೆ. 'ಅಂಡರ್ ಪ್ರೊಸೆಸ್.' ರಾತ್ರಿ ಹನ್ನೆರಡಕ್ಕೆ ಅಂಡರ್ ಪ್ರೊಸೆಸ್. ಎರಡೂವರೆಗೂ ಅಂಡರ್ ಪ್ರೊಸೆಸ್.

ಅಮ್ಮನಿಗೆ ಹೇಳಿರಲಿಲ್ಲ.

ದಿನಾ ರಾತ್ರಿ ಎಂಟೂವರೆಗೆ ಅವಳ ಫೋನ್ ಬರುತ್ತದೆ. "ಊಟಕ್ಕೆ ಎಂತ ಮಾಡ್ಕೊಂಡೆ? ಮಳೆ ಬಂತಾ ಅಲ್ಲಿ? ಅಪ್ಪ ಕೊಳೆ ಔಷಧಿ ಹೊಡ್ಸೋಕೆ ಜನ ಸಿಗ್ದೆ ಒದ್ದಾಡ್ತಿದಾರೆ ನೋಡು." ನಾನು ಹೂಂ, ಹೂಂ ಅನ್ನುತ್ತಿದ್ದೆ. "ದನಿ ಯಾಕೋ ಒಂಥರಾ ಇದೆಯಲ್ಲ?" ಅಂದರೆ "ಸ್ವಲ್ಪ ಶೀತ" ಅನ್ನುತ್ತಿದ್ದೆ. ವಿಡಿಯೋ ಕಾಲ್ ಮಾಡಿದರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಕಟ್ ಮಾಡುತ್ತಿದ್ದೆ, ಕೊರಳಿನ ಪಟ್ಟಿ ಕಾಣಬಾರದಲ್ಲ.

ಹೇಳದಿರಲು ಕಾರಣ ಇತ್ತು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಹೇಳುವುದಿಲ್ಲ. 2009ರಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ದೊಡ್ಡಪ್ಪನಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅವರ ಬಾಯಲ್ಲಿ ಕವಳ ಇಲ್ಲದ ಹೊತ್ತೇ ಇರಲಿಲ್ಲ. ಹೊಗೆಸೊಪ್ಪಿನ ಕಥೆ ಹಾಗಿರಲಿ, ಬರೀ ಅಡಿಕೆ ಜಗಿಯುವುದರಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ ಅಡಿಕೆ, ಅದರ ಬಗ್ಗೆ ನಾನು ಹೆಚ್ಚು ಮಾತಾಡುವ ಹಾಗಿಲ್ಲ. ದೊಡ್ಡಪ್ಪನನ್ನು ಬೆಂಗಳೂರಿನ ಕಿದ್ವಾಯಿಗೆ ಕರೆತಂದಿದ್ದರು. ಊರಲ್ಲಿ ಹೇಳಿದ್ದು ಮಾತ್ರ 'ಹಲ್ಲು ತೋರಿಸೋಕೆ ಹೋಗಿದಾರೆ' ಅಂತ. ಕೊನೆಯವರೆಗೂ ಅದು 'ಬಾಯಿಹುಣ್ಣು'. ಅವರು ತೀರಿಕೊಂಡ ಹದಿಮೂರನೇ ದಿನ ಊಟಕ್ಕೆ ಬಂದವರ ಹತ್ತಿರವೂ ದೊಡ್ಡವರು "ಬಾಯಿಹುಣ್ಣು ಜಾಸ್ತಿ ಆಗಿತ್ತು" ಅಂತಲೇ ಹೇಳಿದರು.

ನಾನು ಆಫೀಸಿಗೆ ಹೋಗುವ ಬಸ್ಸು ಡೇರಿ ಸರ್ಕಲ್ ದಾಟಿ ಕಿದ್ವಾಯಿ, ನಿಮ್ಹಾನ್ಸ್ ಮುಂದೆಯೇ ಹೋಗುತ್ತದೆ. ಕಂಡಕ್ಟರ್ "ಕಿದ್ವಾಯಿ, ಯಾರ್ರೀ ಕಿದ್ವಾಯಿ" ಅಂತ ಕೂಗುವುದನ್ನು ಐದು ವರ್ಷದಿಂದ ಕೇಳಿದ್ದೇನೆ. ಫೈಲು ಹಿಡಿದುಕೊಂಡವರು, ತಲೆಗೆ ಟವೆಲ್ ಸುತ್ತಿಕೊಂಡವರು ಇಳಿಯುತ್ತಾರೆ. ಆ ಹದಿಮೂರು ದಿನದಲ್ಲಿ ಆಫೀಸಿಗೆ ಹೋದಾಗೆಲ್ಲ ಆ ಸ್ಟಾಪ್ ಬರುವ ಮೊದಲೇ ಫೋನು ತೆಗೆದು ತಲೆ ಬಗ್ಗಿಸಿ ಕೂರುತ್ತಿದ್ದೆ.

ಏಳನೇ ದಿನ ಕಳೆಯಿತು. ಎಂಟು. ಲ್ಯಾಬಿಗೆ ಫೋನ್ ಮಾಡಿದರೆ "ಇನ್ನೊಂದು ಸ್ಟೇನ್ ಹಾಕ್ತಿದಾರೆ ಸರ್, ಎರಡು ದಿನ ಆಗತ್ತೆ" ಅಂದರು. ಅಷ್ಟು ಸಾಕಾಯಿತು ನನಗೆ. ಒಳ್ಳೆಯ ಸುದ್ದಿಯಾಗಿದ್ದರೆ ಇಷ್ಟು ಹೊತ್ತು ಬೇಕಿತ್ತಾ? ಕೆಟ್ಟದ್ದೇ ಇರಬೇಕು, ಖಚಿತ ಮಾಡಿಕೊಳ್ಳುತ್ತಿದ್ದಾರೆ.

ರೂಮ್‌ಮೇಟ್‌ನ ಅಕ್ಕ ಮೈಸೂರಿನಲ್ಲಿ ಪೆಥಾಲಜಿಸ್ಟ್. ನನ್ನ ಅವತಾರ ನೋಡಲಾರದೆ ಅವನೇ ಫೋನ್ ಹಚ್ಚಿ ಕೊಟ್ಟ. ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ. "ನಿನ್ ಗಂಟು ಈಗ ಎಲ್ಲಿದೆ ಗೊತ್ತಾ?" ಅಂತ ಶುರು ಮಾಡಿದಳು. ಮೊದಲು ಫಾರ್ಮಲಿನ್‌ನಲ್ಲಿ ಒಂದು ದಿನವಾದರೂ ನೆನೆಯಬೇಕು, ಇಲ್ಲದಿದ್ದರೆ ಒಳಗೆ ಕೊಳೆಯುತ್ತದೆ. ಆಮೇಲೆ ಆಲ್ಕೋಹಾಲಿನಲ್ಲಿ ಅದ್ದಿ ಅದ್ದಿ ನೀರಿನಂಶ ತೆಗೆಯುತ್ತಾರೆ. ಕರಗಿದ ಮೇಣದಲ್ಲಿ ಮುಳುಗಿಸಿ ಅಚ್ಚಿನಲ್ಲಿ ಗಟ್ಟಿ ಮಾಡುತ್ತಾರೆ. ಆ ಮೇಣದ ಇಟ್ಟಿಗೆಯನ್ನು ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ಒಂದು ಕೂದಲಿನ ದಪ್ಪದಲ್ಲಿ ಅಂಥ ಹತ್ತು ಪದರಕ್ಕಿಂತ ಹೆಚ್ಚು ಹಿಡಿಯುತ್ತವೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಂಡು ಬಣ್ಣ ಹಾಕುತ್ತಾರೆ. ಜೀವಕೋಶದ ನಡುವಿನ ಕೇಂದ್ರಕ್ಕೆ ನೀಲಿ ಕೊಡುವ ಹೆಮಟಾಕ್ಸಿಲಿನ್ ಒಂದು ಮರದ ಚೇಗಿನಿಂದ ತೆಗೆಯುವ ಬಣ್ಣ. ಸುತ್ತಲಿನದಕ್ಕೆ ಗುಲಾಬಿ ಕೊಡುವುದು ಇಯೋಸಿನ್. ಇಷ್ಟೆಲ್ಲ ಆದಮೇಲೆ ಒಬ್ಬ ಮನುಷ್ಯ ಕೂತು ಕಣ್ಣಿಟ್ಟು ನೋಡಬೇಕು.

"ನಂಗೇ ಒಂದೊಂದ್ಸಲ ಒಂದು ಸ್ಲೈಡ್ ಎರಡು ದಿನ ಟೇಬಲ್ ಮೇಲೆ ಇರತ್ತೆ ಕಣೋ. ಅನುಮಾನ ಬಂದ್ರೆ ಇನ್ನೊಂದು ಸ್ಟೇನ್ ಮಾಡಿಸ್ತೀನಿ, ಪಕ್ಕದವ್ರಿಗೂ ತೋರಿಸ್ತೀನಿ. ಟಿ.ಬಿ. ಅನುಮಾನ ಬಂದ್ರೂ ಬೇರೆ ಸ್ಟೇನ್ ಬೇಕು, ಲಿಂಫೋಮಾ ಅನ್ನಿಸಿದ್ರೂ ಬೇರೆ ಬೇಕು. ಲೇಟ್ ಆಯ್ತು ಅಂದ್ರೆ ಅರ್ಥ ಒಂದೇ, ಯಾರೋ ಸರಿಯಾಗಿ ನೋಡ್ತಿದಾರೆ ಅಂತ."

ಫೋನ್ ಇಟ್ಟಾಗ ಎಷ್ಟೋ ಹಗುರವಾಗಿತ್ತು. ಬರೋಬ್ಬರಿ ಒಂದು ಗಂಟೆ. ಆಮೇಲೆ, 'ಲಿಂಫೋಮಾ ಅನ್ನಿಸಿದ್ರೂ' ಅಂದಳಲ್ಲ, ಅದು ಮಾತ್ರ ಉಳಿಯಿತು. ಮತ್ತೆ ಲ್ಯಾಪ್‌ಟಾಪ್ ತೆಗೆದೆ. ಹಾಡ್ಜ್‌ಕಿನ್ ಕಾಯಿಲೆಯ ಜೀವಕೋಶ ನೋಡಲು ಗೂಬೆಯ ಕಣ್ಣಿನ ಹಾಗಿರುತ್ತದೆ ಅಂತ ಬರೆದಿದ್ದರು, ಚಿತ್ರ ಸಮೇತ. ಹೌದು, ಗೂಬೆಯೇ. ನಮ್ಮೂರಲ್ಲಿ ದೊಡ್ಡಪ್ಪ ಹೋಗುವ ಹಿಂದಿನ ವಾರ ಕೊಟ್ಟಿಗೆ ಹಿಂದಿನ ಮಾವಿನಮರದಲ್ಲಿ ಗೂಬೆ ಕೂಗುತ್ತಿತ್ತು ಅಂತ ಅಜ್ಜಿ ವರ್ಷಗಟ್ಟಲೆ ಹೇಳುತ್ತಿದ್ದಳು. ಇಂಥದ್ದನ್ನೆಲ್ಲ ನಂಬದ ನಾನು ಆ ರಾತ್ರಿ ಚಿತ್ರ ಮುಚ್ಚಿ ದೀಪ ಹಾಕಿಕೊಂಡೇ ಮಲಗಿದೆ.

ಹೀಗೇ ಹುಡುಕುವಾಗ ಸ್ಟೀಫನ್ ಜೇ ಗೌಲ್ಡ್ ಎಂಬ ಅಮೆರಿಕದ ಜೀವವಿಜ್ಞಾನಿಯ ಕಥೆಯೂ ಸಿಕ್ಕಿತು. 1982ರಲ್ಲಿ ಅವರಿಗೆ ಮೆಸೋಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಬಂತು. ಪತ್ತೆಯಾದ ಮೇಲೆ ಅರ್ಧದಷ್ಟು ರೋಗಿಗಳು ಎಂಟು ತಿಂಗಳೊಳಗೆ ಸಾಯುತ್ತಾರೆ ಅಂತ ಅವರು ಓದಿದರು. ಓದಿ, ಉಳಿದರ್ಧದವರು ಎಷ್ಟು ಕಾಲ ಬದುಕುತ್ತಾರೆ ಅಂತ ಲೆಕ್ಕ ಹಾಕಲು ಕೂತರು. ಆ ಲೆಕ್ಕದ ಬಗ್ಗೆ 1985ರಲ್ಲಿ ಒಂದು ಲೇಖನ ಬರೆದರು. ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರಿನಿಂದ, ಇಪ್ಪತ್ತು ವರ್ಷದ ನಂತರ. ಓದಿ ರೋಮಾಂಚನವಾಯಿತು. ಅದೂ ಒಂದು ಗಂಟೆ. ಆಮೇಲೆ 'ಅವರು ಅದೃಷ್ಟವಂತರು, ನಾನು?' ಶುರುವಾಯಿತು.

ಆಗ ಒಂದು ವಿಷಯ ಸ್ಪಷ್ಟವಾಯಿತು. ನಾನು ಹುಡುಕುತ್ತಿದ್ದದ್ದು ಮಾಹಿತಿಯಲ್ಲ. ಯಾರಾದರೂ 'ನಿನಗೆ ಏನೂ ಆಗಿಲ್ಲ' ಅಂತ ಬರೆದುಕೊಡಬೇಕಿತ್ತು. ಬರೆದುಕೊಟ್ಟಿದ್ದರೂ ಒಂದು ಗಂಟೆಯ ಮೇಲೆ ನಾನು ಅದನ್ನು ನಂಬುತ್ತಿರಲಿಲ್ಲ.

ಒಂಬತ್ತನೇ ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಯಲ್ ಮಾಡುವಾಗ ನಾಚಿಕೆಯಾಗಿತ್ತು. ಆತ್ಮಹತ್ಯೆ ಗೀತ್ಮಹತ್ಯೆ ಯೋಚನೆ ಇರುವವರಿಗೆ ಇರುವ ನಂಬರು, ನನಗ್ಯಾಕೆ ಅಂತ. ಆ ಕಡೆ ಒಬ್ಬರು ಮೇಡಂ ಸಿಕ್ಕರು. ನಾನು ತೊದಲುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. 'ಹೆದರಬೇಡಿ' ಅನ್ನಲಿಲ್ಲ. "ರಿಪೋರ್ಟ್ ಬರೋವರೆಗೂ ಭಯ ಇದ್ದೇ ಇರತ್ತೆ. ಅದನ್ನ ಓಡಿಸೋಕೆ ಹೋಗ್ಬೇಡಿ. ಅದಕ್ಕೊಂದು ಟೈಮ್ ಕೊಡಿ," ಅಂದರು. ಸಂಜೆ ಆರರಿಂದ ಆರೂವರೆ. ಆ ಅರ್ಧ ಗಂಟೆ ಏನು ಬೇಕಾದರೂ ಹೆದರಿಕೊಳ್ಳಬಹುದು, ಹಾಳೆಯ ಮೇಲೆ ಬರೆಯಬಹುದು. ಬೇರೆ ಹೊತ್ತಿನಲ್ಲಿ ಭಯ ಬಂದರೆ 'ಈಗಲ್ಲ, ಆರು ಗಂಟೆಗೆ ಬಾ' ಅನ್ನಬೇಕು. ಕೈ ಕೊರಳಿಗೆ ಹೋದರೆ ಬೈದುಕೊಳ್ಳದೆ ಇಳಿಸಬೇಕು. ಕೊನೆಗೆ ಕೇಳಿದರು, "ಮನೇಲಿ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

"ಒಬ್ಬರಿಗೆ ಹೇಳಿ ನೋಡಿ. ನಿಮಗೆ ಇಷ್ಟ ಇದ್ರೆ."

ಮರುದಿನ ಸಂಜೆ ಆರು ಗಂಟೆಗೆ ಹಾಳೆ, ಪೆನ್ನು ಹಿಡಿದು ಕೂತೆ. ಇದಕ್ಕಿಂತ ಪೆದ್ದು ಕೆಲಸ ಇಲ್ಲ ಅನ್ನಿಸಿತು. ಒಂದೊಂದೇ ಬರೆದೆ. ಕೂದಲು ಉದುರುತ್ತದೆ. ಇನ್ಶೂರೆನ್ಸ್ ಸಾಲುವುದಿಲ್ಲ. ಅಪ್ಪ ತೋಟ ಅಡ ಇಡುತ್ತಾರೆ. ಮದುವೆ ಆಗುವುದಿಲ್ಲ. ಸತ್ತುಹೋಗುತ್ತೇನೆ. ಹನ್ನೊಂದು ಸಾಲು ಆಗುವಷ್ಟರಲ್ಲಿ ಹೊಸದು ಏನೂ ಹೊಳೆಯಲಿಲ್ಲ. ಗಡಿಯಾರದಲ್ಲಿ ಇನ್ನೂ ಆರೂಕಾಲು. ಇಡೀ ದಿನ, ಇಡೀ ರಾತ್ರಿ ತಲೆಯೊಳಗೆ ಗಿರಗಿರ ತಿರುಗುತ್ತಿದ್ದದ್ದು ಇಷ್ಟೇ ಹನ್ನೊಂದು ಸಾಲು. ಹನ್ನೆರಡನೆಯದಾಗಿ, 'ಅಮ್ಮನಿಗೆ ಹೇಗೆ ಹೇಳುವುದು' ಅಂತ ಬರೆದೆ.

ಎಂಟೂವರೆಗೆ ಫೋನ್ ಬಂತು. ಎರಡು ನಿಮಿಷ ಮಳೆ, ಔಷಧಿ, ಕೂಲಿಯಾಳು. ಆಮೇಲೆ ಹೇಳಿಬಿಟ್ಟೆ. ಕೊರಳಲ್ಲಿ ಒಂದು ಗಂಟು ಆಗಿತ್ತು, ತೆಗೆಸಿದೀನಿ, ಟೆಸ್ಟಿಗೆ ಹೋಗಿದೆ, ಅದು, ಅದು...

"ಕ್ಯಾನ್ಸರ್ ಅಂತ ಅನುಮಾನವಾ?" ಅಂದಳು ಅಮ್ಮ.

ಅವಳ ಬಾಯಲ್ಲಿ ಆ ಶಬ್ದವನ್ನು ನಾನು ಅದೇ ಮೊದಲು ಕೇಳಿದ್ದು. ನನಗೇ ಒಂಬತ್ತು ದಿನದಿಂದ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲು ಆಗಿರಲಿಲ್ಲ. ಲಿಂಫೋಮಾ, ಅಟಿಪಿಕಲ್ ಅಂತ ಇಂಗ್ಲಿಷಿನ ಮರೆಯಲ್ಲಿ ನಿಂತಿದ್ದೆ.

"ಹೂಂ."

ಸ್ವಲ್ಪ ಹೊತ್ತು ಆ ಕಡೆ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ನಿನ್ ದೊಡ್ಡಪ್ಪಂಗೆ ಗೊತ್ತಿತ್ತು ಕಣಾ," ಅಂದಳು. "ನಾವು ಯಾರೂ ಹೇಳಿರ್ಲಿಲ್ಲ, ಆದ್ರೂ ಗೊತ್ತಿತ್ತು. ಒಂದಿನ ನಾನು ಗಂಜಿ ತಗೊಂಡು ಹೋದಾಗ ಹೇಳಿದ್ರು. ಮಾತೇ ಸರಿ ಹೊರಡ್ತಿರ್ಲಿಲ್ಲ ಆಗ. 'ನೀವೆಲ್ಲ ಬಾಯಿಹುಣ್ಣು ಬಾಯಿಹುಣ್ಣು ಅಂತೀರಿ. ನಂಗೆ ಹೆದ್ರಿಕೆ ಆಗ್ತದೆ, ಯಾರ ಹತ್ರ ಹೇಳ್ಲಿ' ಅಂದ್ರು. ನಾ ಎಂತ ಹೇಳ್ದೆ ಗೊತ್ತಾ? 'ಎಂತದೂ ಇಲ್ಲ ಭಾವ, ಹುಣ್ಣು ವಾಸಿಯಾಗ್ತದೆ' ಅಂದೆ. ಅವ್ರು ಗೋಡೆ ಕಡೆ ತಿರುಗಿ ಮಲಗಿದ್ರು. ಇವತ್ತಿಗೂ ಗಂಜಿ ಬಸಿಯೋವಾಗ ಒಂದೊಂದ್ಸಲ ನೆನಪಾಗ್ತದೆ."

ಈ ಮಾತನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲವಂತೆ.

"ನಿಂಗೆ ಹೆದ್ರಿಕೆ ಆಗ್ತಿದೆಯಾ?" ಅಂತ ಕೇಳಿದಳು.

"ಆಗ್ತಿದೆ ಅಮ್ಮ."

"ನಂಗೂ ಆಗ್ತಿದೆ. ನಾಳೆ ರಾತ್ರಿ ಬಸ್ಸಿಗೆ ಬರ್ತೀನಿ."

ಬಂದಳು. ಒಂದು ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದೆಲಗ ಸೊಪ್ಪು, ಹಲಸಿನ ಹಪ್ಪಳ. ರೂಮ್‌ಮೇಟ್‌ಗೆ ತಂಬುಳಿಯ ಹುಚ್ಚು ಹಿಡಿಸಿದಳು. ತೂಕದ ಮೆಷೀನನ್ನು ಕಂಡು "ಇದೆಂತಕ್ಕಾ?" ಅಂದವಳು, ಅದರ ಮೇಲೆ ನೀರಿನ ಕೊಡ ಇಟ್ಟಳು. ಸಂಜೆ ಆರು ಗಂಟೆಗೆ ನಾನು ಹಾಳೆ ತೆಗೆದಾಗ ಏನು ಅಂತ ಕೇಳಿ, ಪಕ್ಕದಲ್ಲಿ ಬಂದು ಕೂತಳು. "ನಂದೂ ಬರಿ" ಅಂದಳು. ಅವಳ ಪಟ್ಟಿಯಲ್ಲಿ ಮೂರೇ ಸಾಲಿತ್ತು, ಮೂರೂ ನನ್ನ ಬಗ್ಗೆ. ಆರೂವರೆಗೆ ಎದ್ದು ಒಲೆ ಹಚ್ಚಿದಳು. ಭಯವೇನೂ ಹೋಗಲಿಲ್ಲ. ಆದರೆ ಆ ಎರಡು ರಾತ್ರಿ ನಾನು ವೆಬ್‌ಸೈಟ್ ನೋಡದೆ ನಿದ್ದೆ ಮಾಡಿದೆ.

ಹದಿಮೂರನೇ ದಿನ ಮಧ್ಯಾಹ್ನ ಲ್ಯಾಬಿನಿಂದ ಮೆಸೇಜ್ ಬಂತು. ಪಿಡಿಎಫ್ ತೆಗೆಯದೆ ಇಬ್ಬರೂ ಸೀದಾ ಡಾಕ್ಟರ ಹತ್ತಿರ ಹೋದೆವು. ಅವರು ಓದಿದರು. ನೆಕ್ರೋಟೈಸಿಂಗ್ ಗ್ರ್ಯಾನುಲೋಮಾಟಸ್ ಲಿಂಫಡಿನೈಟಿಸ್. ವಿಶೇಷ ಸ್ಟೇನಿನಲ್ಲಿ ರೋಗಾಣು ಕಂಡಿದೆ. "ಟಿ.ಬಿ.," ಅಂದರು. "ಕ್ಯಾನ್ಸರ್ ಇಲ್ಲ. ಆರು ತಿಂಗಳು ಮಾತ್ರೆ, ಸರ್ಕಾರದಿಂದ ಉಚಿತ. ಕೊರಳಿನ ಗ್ರಂಥಿಯದ್ದು ಮಾತ್ರ ಇರೋದ್ರಿಂದ ಬೇರೆಯವರಿಗೆ ಹರಡಲ್ಲ. ಆದ್ರೂ ಎದೆ ಎಕ್ಸ್-ರೇ ಒಂದು ಮಾಡ್ಸೋಣ." ನಾನು ನಗುತ್ತಿದ್ದೆ. "ಟಿ.ಬಿ. ಅಂದಾಗ ಹೀಗೆ ನಗೋರನ್ನ ಕಮ್ಮಿ ನೋಡಿದೀನಿ" ಅಂದರು.

ಅಮ್ಮ ಮಾತ್ರ ನಗಲಿಲ್ಲ. ಆಟೋದಲ್ಲಿ ಬರುವಾಗ, "ಕೊರಳಲ್ಲಿ ಗಂಟು ಬರೋದು, ಗಂಡಮಾಲೆ ಅಂತಿದ್ರು ನಮ್ಮಜ್ಜಿ, ಅದೇನಾ?" ಅಂತ ಕೇಳಿದಳು. ಮನೆಗೆ ಬಂದು ನೋಡಿದೆ, ಅದೇ. ಅಮ್ಮನ ಅಜ್ಜಿಯ ಕಾಲದಲ್ಲಿ ಹೇಳಬಾರದ ಶಬ್ದ 'ಕ್ಷಯ' ಆಗಿತ್ತಂತೆ. ಅವರ ಮನೆಯಲ್ಲಿ ಯಾರಿಗೋ ಆಗಿದ್ದಾಗ 'ಬಡಕಲು' ಅಂತ ಮಾತ್ರ ಹೇಳುತ್ತಿದ್ದರಂತೆ. ರಾಬರ್ಟ್ ಕಾಕ್ 1882ರಲ್ಲೇ ಅದರ ರೋಗಾಣು ಕಂಡುಹಿಡಿದಿದ್ದರೂ ಔಷಧಿ ಬರಲು ಮತ್ತೆ ಅರವತ್ತು ವರ್ಷ ಬೇಕಾಯಿತು. ಆ ಅರವತ್ತು ವರ್ಷ ಎಷ್ಟು ಮನೆಗಳಲ್ಲಿ ಎಷ್ಟು ಜನ ಗೋಡೆ ಕಡೆ ತಿರುಗಿ ಮಲಗಿದರೋ.

ಇಲ್ಲಿಗೆ ಮುಗಿಸಿದರೆ ಚಂದವಾಗಿರುತ್ತಿತ್ತು. ಆದರೆ ಮುಗಿಯಲಿಲ್ಲ. ಮಾತ್ರೆ ಶುರುವಾಗಿ ಐದನೇ ವಾರ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ರೂಢಿಯಾಗುವ ಹೊತ್ತಿಗೆ, ಅದೇ ಎಡಗಡೆ ಇನ್ನೊಂದು ಗಂಟು ಎದ್ದಿತು. ಚಿಕಿತ್ಸೆಯ ನಡುವೆ ಹೀಗಾಗುವುದುಂಟು, ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥವಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಆ ರಾತ್ರಿ, 'ಲ್ಯಾಬಿನವರು ತಪ್ಪು ಡಬ್ಬಿ ನೋಡಿದ್ದರೆ?' ಅಂತ ಎದ್ದು ಕೂತೆ. ರಿಪೋರ್ಟ್ ಬಂದರೆ ಭಯ ಹೋಗುತ್ತದೆ ಅಂದುಕೊಂಡಿದ್ದೆ. ಅದು ಗಂಟಿನ ಜೊತೆ ಹುಟ್ಟಿದ್ದಲ್ಲ, ಗಂಟಿನ ಜೊತೆ ಹೋಗುವುದೂ ಇಲ್ಲ ಅಂತ ಕಾಣುತ್ತದೆ. ಬೆಳಿಗ್ಗೆ ಡಾಕ್ಟರಿಗೆ ತೋರಿಸಿದೆ, ಒಂದೇ ಸಲ. ಸಂಜೆ ಆರು ಗಂಟೆಗೆ ಹಾಳೆಯಲ್ಲಿ ಬರೆದೆ. ಎಂಟೂವರೆಗೆ ಅಮ್ಮನಿಗೆ ಹೇಳಿದೆ. ಗಂಟು ಈಗ ಹುಣಸೆಬೀಜದಷ್ಟಾಗಿದೆ.

ಭಯವನ್ನು ಬೈಯಲು ಇದನ್ನು ಬರೆದದ್ದಲ್ಲ. ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದೂ ಅದೇ ತಾನೇ. ಎರಡು ಮೂರು ವಾರ ಕಳೆದರೂ ಕರಗದ ಗಂಟು ಎಲ್ಲಿದ್ದರೂ ಹೋಗಿ ತೋರಿಸಿ, ದಯವಿಟ್ಟು. ತೋರಿಸಿದ ಮೇಲೆ ಕಾಯುವ ದಿನಗಳಿರುತ್ತವಲ್ಲ, ಅವನ್ನು ಮಾತ್ರ ಒಬ್ಬರೇ ಕಾಯಬೇಡಿ ಅಂತ ನನ್ನ ವಿನಂತಿ.

ಇವತ್ತು ಮೂರನೇ ತಿಂಗಳಿನ ಮಾತ್ರೆ ತಂದೆ. ಆಫೀಸಿನಿಂದ ಬರುವಾಗ ಕಂಡಕ್ಟರ್ ಎಂದಿನಂತೆ ಕೂಗಿದ. ಪಕ್ಕದಲ್ಲಿ ಕೂತಿದ್ದ, ಫೈಲು ಹಿಡಿದಿದ್ದ ಹಿರಿಯರೊಬ್ಬರು ಗಡಿಬಿಡಿಯಿಂದ ಎದ್ದು, "ಇದೇನಾ ಕಿದ್ವಾಯಿ?" ಅಂದರು. "ಹೌದು ಸರ್, ಇದೇ" ಅಂದೆ. ಅವರು ಇಳಿದು ಗೇಟಿನ ಕಡೆ ನಡೆಯುವವರೆಗೂ ಕಿಟಕಿಯಿಂದ ನೋಡುತ್ತಿದ್ದೆ.

ಎಂಟೂವರೆ ಆಯಿತು. ಅಮ್ಮನ ಫೋನು. ಮತ್ತೆ ಸಿಗೋಣ.